ಗೌತಮಿ ರುಜು ಹಾಕಿದ ಖಾಲಿ ಹಾಳೆ

ಬಾಣಸವಾಡಿ ದಾಟಿ ಕೆ.ಆರ್. ಪುರದ ಕಡೆ ಹೋಗುವ ದಾರಿಯಲ್ಲಿದ್ದ ಆ ಸರ್ಕಾರಿ ಸ್ವಿಚ್‌ಗೇರ್ ಕಾರ್ಖಾನೆಯಲ್ಲಿ ಗೌತಮಿಯನ್ನು ಗುರುತಿಸದವರು ಇರಲಿಲ್ಲ. ಗೇಟಿನ ಕಾವಲಿನವರು ಅವಳ ಪಾಸು ಕೇಳುತ್ತಿರಲಿಲ್ಲ. ಕ್ಯಾಂಟೀನಿನ ವೆಂಕಟಮ್ಮ ಅವಳಿಗೆಂದೇ ಗಟ್ಟಿ ಮೊಸರು ತೆಗೆದಿಟ್ಟಿರುತ್ತಿದ್ದಳು. ಎಂಟುನೂರು ಮೀಟರ್ ಓಟದಲ್ಲಿ, ಅಖಿಲ ಭಾರತ ಕಾರ್ಖಾನೆಗಳ ಕ್ರೀಡಾಕೂಟದಲ್ಲಿ, ೧೯೯೪ರಿಂದ ಸಾಲಾಗಿ ನಾಲ್ಕು ಚಿನ್ನ. ಅಪ್ಪ ವೀರಣ್ಣ ಅದೇ ಕಾರ್ಖಾನೆಯಲ್ಲಿ ಫಿಟರ್. ದಾವಣಗೆರೆಯಿಂದ ಬಂದು ಕ್ವಾರ್ಟರ್ಸ್ ಹಿಡಿದವರು. ಮಗಳ ಹೆಸರಿನಿಂದಾಗಿ ಸಾಹೇಬರುಗಳೂ ಅವರಿಗೆ ನಮಸ್ಕಾರ ಹೇಳುತ್ತಿದ್ದರು.

ಇದೆಲ್ಲ ಆಗಿದ್ದು ಕೋಚ್ ಮುನಿಆಂಜನಪ್ಪನವರಿಂದ. ಹಲಸೂರಿನ ಹಳೇ ಆಸಾಮಿ. ಬೆಳಗಿನ ಐದೂವರೆಗೆ ಲೂನಾ ಏರಿ, ಕತ್ತಿನಲ್ಲಿ ಸೀಟಿ ಜೋತುಹಾಕಿಕೊಂಡು ಮೈದಾನಕ್ಕೆ ಬಂದುಬಿಡುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿದ್ದ ಗೌತಮಿಯನ್ನು ಶಾಲೆಯ ಕ್ರೀಡಾದಿನದಲ್ಲಿ ಕಂಡು, ಮನೆಗೆ ಹೋಗಿ ತಾಯಿ ಪ್ರೇಮಕ್ಕನನ್ನು ಒಪ್ಪಿಸಿ ಕರೆತಂದವರು ಅವರೇ. ಮೊದಲ ಚಿನ್ನ ಬಂದ ದಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತವರೂ ಅವರೇ.

ಗೌತಮಿಯಂತೆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಓಟಗಾರರಿಗೆಲ್ಲ ಒಂದು ರೂಢಿಯಿತ್ತು. ತಾಲೀಮಿಗೆ ಹೋದ ಹೊತ್ತನ್ನು ಕೆಲಸದ ಹೊತ್ತೆಂದು ಬರೆಸಿಕೊಳ್ಳಲು ಪ್ರತಿಸಲವೂ ಆನ್‌ಡ್ಯೂಟಿ ಅರ್ಜಿ ಕೊಡಬೇಕು. ಮೈದಾನದಲ್ಲಿ ಬೆವರು ಸುರಿಸುತ್ತಿರುವವರು ಆಫೀಸಿಗೆ ಓಡುವುದು ಯಾವಾಗ? ಅದಕ್ಕೆ ಮುನಿಆಂಜನಪ್ಪ ದಾರಿ ಮಾಡಿದ್ದರು. ತಿಂಗಳ ಮೊದಲಿಗೆ ಎಲ್ಲರಿಂದಲೂ ಹತ್ತಿಪ್ಪತ್ತು ಖಾಲಿ ಹಾಳೆಗೆ ರುಜು.

"ಕೆಳಗಡೆ ಬಲಕ್ಕೆ ಹಾಕ್ಬಿಡು ತಾಯಿ. ಮೇಲೆ ನಾನು ಟೈಪ್ ಮಾಡಿಸ್ಕೋತೀನಿ."

ಹಾಕುತ್ತಿದ್ದರು. ಗುರುಗಳು ಕೇಳಿದ ಹಾಳೆಗೆ ರುಜು ಹಾಕುವಾಗ ಯೋಚಿಸುವುದೇ ಅವಿಧೇಯತೆ ಎಂದುಕೊಂಡಿದ್ದ ಮಕ್ಕಳು ಅವರೆಲ್ಲ. ಈ ದೇಶದಲ್ಲಿ ಅರ್ಧಕ್ಕರ್ಧ ಅನ್ಯಾಯ ನಡೆಯುವುದು ಇಂಥ ಒಳ್ಳೆಯ ಮಕ್ಕಳ ಕೈಯಿಂದಲೇ.

೧೯೯೮ರ ಜೂನ್‌ನಲ್ಲಿ ನಾಗವೇಣಿ ಸಿದ್ದಿ ಟ್ರೈನಿಯಾಗಿ ಬಂದಳು. ಅವಳದೂ ಎಂಟುನೂರು ಮೀಟರ್ ಓಟ. ಯಲ್ಲಾಪುರ ತಾಲ್ಲೂಕಿನವಳು, ಹತ್ತೊಂಬತ್ತು ವರ್ಷ. ಅವಳ ಹಿರೀಕರನ್ನು ನಾನ್ನೂರು ವರ್ಷದ ಕೆಳಗೆ ಯಾರೋ ಹಡಗಿನಲ್ಲಿ ತುಂಬಿ ಆಫ್ರಿಕಾದಿಂದ ತಂದು ಗೋವೆಯಲ್ಲಿ ಮಾರಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಕನ್ನಡ ಬಿಟ್ಟರೆ ಅವಳಿಗೆ ಒಂದಿಷ್ಟು ಕೊಂಕಣಿ ಬರುತ್ತಿತ್ತು. ಆದರೆ ಬೆಂಗಳೂರು ಅವಳ ಮಾತು ಕೇಳುವ ಮೊದಲೇ ಅವಳ ಕೂದಲು ನೋಡುತ್ತಿತ್ತು.

ಅವಳಿಗೆ ಬಾಡಿಗೆ ಕೋಣೆ ಹುಡುಕಲು ಗೌತಮಿಯೂ ಜೊತೆಗೆ ಹೋಗಿದ್ದಳು. ಲಿಂಗರಾಜಪುರದಲ್ಲಿ ಬಾಗಿಲು ತೆರೆದ ಯಜಮಾನರು ನಾಗವೇಣಿಯನ್ನು ಕಂಡವರೇ ಕೈ ಅಲ್ಲಾಡಿಸಿದರು. "ನೋ ಫಾರಿನರ್ಸ್, ನೋ ಫಾರಿನರ್ಸ್."

"ನಾನು ಯಲ್ಲಾಪುರದವ್ಳು ರೀ," ಎಂದಳು ನಾಗವೇಣಿ.

ಯಜಮಾನರ ಹುಬ್ಬು ಮೇಲೇರಿತು. "ಅಬ್ಬಾ! ಎಷ್ಟ್ ಚೆನ್ನಾಗ್ ಕನ್ನಡ ಕಲ್ತಿದ್ಯಮ್ಮಾ! ನಮ್ಮ ಮಕ್ಕಳಿಗೇ ಬರಲ್ಲ." ಹೊಗಳಿ, ಬಾಗಿಲು ಹಾಕಿಕೊಂಡರು.

ರಸ್ತೆಗೆ ಬಂದ ಮೇಲೆ ಗೌತಮಿಗೆ ನಗು ತಡೆಯಲಾಗಲಿಲ್ಲ. ನಾಗವೇಣಿ ನಗಲಿಲ್ಲ. ಕೊನೆಗೆ ಕಮ್ಮನಹಳ್ಳಿಯಲ್ಲಿ ಶರ್ಫುನ್ನೀಸಾ ಎಂಬ ವಿಧವೆ ಮಹಡಿಯ ಕೋಣೆ ಕೊಟ್ಟರು. ಮೈದಾನದಲ್ಲಿ ಉಳಿದ ಹುಡುಗಿಯರು ನಾಗವೇಣಿಗೆ 'ವೆಸ್ಟ್ ಇಂಡೀಸ್' ಎಂದು ಹೆಸರಿಟ್ಟರು. ಗೌತಮಿ ಹಾಗೆ ಕರೆಯಲಿಲ್ಲ. ಕರೆಯಬೇಡಿ ಎಂದೂ ಹೇಳಲಿಲ್ಲ.

ಆ ಸಲದ ಕೂಟ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲೇ. ಒಂದು ಓಟಕ್ಕೆ ಕಾರ್ಖಾನೆಯಿಂದ ಒಬ್ಬರೇ. ಐದನೇ ಚಿನ್ನ ಬಂದರೆ ಗೌತಮಿಗೆ ಆಫೀಸರ್ ಬಡ್ತಿ, ರಾಷ್ಟ್ರೀಯ ಶಿಬಿರಕ್ಕೆ ಕರೆ. ಎಲ್ಲ ನಿಶ್ಚಯವಾಗಿಬಿಟ್ಟಿದೆ ಎಂಬಂತಿತ್ತು. ನವೆಂಬರ್‌ನ ಆಯ್ಕೆ ಓಟದಲ್ಲಿ ನಾಗವೇಣಿ ಅವಳನ್ನು ಅರ್ಧ ಸೆಕೆಂಡಿನಿಂದ ಸೋಲಿಸಿದಳು.

ಗೌತಮಿ ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಾಗ ಮುನಿಆಂಜನಪ್ಪ ಬಂದು ಬೆನ್ನು ತಟ್ಟಿದರು. "ತಲೆ ಕೆಡಿಸ್ಕೋಬೇಡ. ಪ್ರಾಕ್ಟೀಸ್ ನಿಲ್ಲಿಸ್ಬೇಡ. ಕೂಟಕ್ಕೆ ಹೋಗೋಳು ನೀನೇ."

ಹೇಗೆ ಸಾರ್ ಎಂದು ಅವಳು ಕೇಳಲಿಲ್ಲ. ಆ ಮಾತು ಅವಳಿಗೆ ಹಿತವಾಗಿತ್ತು. ಮುಂದೆ ಬಹಳ ವರ್ಷ ಅವಳನ್ನು ಚುಚ್ಚಿದ್ದು ಸೋಲಲ್ಲ, ಆ ಹಿತ.

ವಾರ ಕಳೆಯುವುದರಲ್ಲಿ ಪಟ್ಟಿಯಲ್ಲಿ ಗೌತಮಿಯ ಹೆಸರು ಬಂತು. ಸಿಬ್ಬಂದಿ ಅಧಿಕಾರಿ ಹಯಗ್ರೀವ ಅವಳನ್ನು ಕರೆಸಿ ಕುರ್ಚಿ ತೋರಿಸಿದರು.

"ಒಳ್ಳೇ ಪಾಯಿಂಟ್ ಎತ್ತಿದ್ರಿ ಗೌತಮಿ. ನಮಗ್ಯಾರಿಗೂ ಹೊಳ್ದೇ ಇರ್ಲಿಲ್ಲ ನೋಡಿ."

"ಯಾವ ಪಾಯಿಂಟ್ ಸಾರ್?"

ಅವರು ಕಡತ ತಿರುಗಿಸಿದರು. ಟೈಪ್ ಮಾಡಿದ ನಾಲ್ಕು ಸಾಲು. ಸದರಿ ನಾಗವೇಣಿ ಮೂಲತಃ ಭಾರತದವಳಲ್ಲ. ಆಕೆಯ ಮುಖ, ಮೈಕಟ್ಟು, ಕೂದಲೇ ಇದಕ್ಕೆ ಸಾಕ್ಷಿ. ಇಂಥವರನ್ನು ಕಣಕ್ಕಿಳಿಸಿದರೆ ಭಾರತೀಯ ಹೆಣ್ಣುಮಕ್ಕಳಿಗೆ ಅನ್ಯಾಯ. ಮೂಲ ದಾಖಲೆ ತರಿಸಬೇಕಾಗಿ ವಿನಂತಿ. ಅದರ ಕೆಳಗೆ ಅಂಗೈಯಗಲದ ಖಾಲಿ ಜಾಗ. ಎಲ್ಲಕ್ಕಿಂತ ಕೆಳಗೆ, ಬಲಕ್ಕೆ, ಗೌತಮಿಯ ರುಜು.

ಅವಳು ಕಡತವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೊಮ್ಮೆ ಓದಿದಳು.

"ಆ ಹುಡುಗಿಗೆ ವಾಸಸ್ಥಳದ ಸರ್ಟಿಫಿಕೇಟ್ ತಾ ಅಂದ್ವಿ," ಎಂದರು ಹಯಗ್ರೀವ. "ತಾಲ್ಲೂಕಾಫೀಸಿನೋರು ತಿಂಗಳು ಬಿಟ್ಟು ಬಾ ಅಂದ್ರಂತೆ. ಕೂಟಕ್ಕೆ ಹನ್ನೆರಡೇ ದಿನ. ನಾವೇನ್ ಮಾಡೋಕಾಗತ್ತೆ?"

ಕಡತದಲ್ಲಿ ಗೌತಮಿಯ ವಾಸಸ್ಥಳದ ದಾಖಲೆ ಇರಲಿಲ್ಲ. ಹಯಗ್ರೀವರದೂ ಇರಲಿಲ್ಲ. ಆ ಕಾರ್ಖಾನೆಯ ಮೂರು ಸಾವಿರ ಜನರಲ್ಲಿ ತಾನು ಈ ನೆಲದವಳೆಂದು ಕಾಗದ ತಂದು ತೋರಿಸಬೇಕಾಗಿ ಬಂದದ್ದು ಒಬ್ಬಳಿಗೇ.

"ಇದು ನಾನ್ ಬರ್ದಿದ್ದಲ್ಲ ಸಾರ್."

"ಸೈನ್ ನಿಮ್ದೇ ಅಲ್ವೇನ್ರೀ?"

ಅವಳು ಖಾಲಿ ಹಾಳೆಗಳ ಸಂಗತಿ ಹೇಳಿದಳು. ಹಯಗ್ರೀವ ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದರು.

"ಬಾಯಲ್ಲಿ ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ. ಬರೆದು ಕೊಟ್ರೆ ಮಾತ್ರ ನಾಲ್ಕು ವರ್ಷದ ಆನ್‌ಡ್ಯೂಟಿ ಅರ್ಜಿ ಎಲ್ಲಾ ಆಚೆ ತೆಗೀಬೇಕಾಗತ್ತೆ. ಖಾಲಿ ಹಾಳೆ ಕೊಟ್ಟು ಹಾಜರಾತಿ ಹಾಕಿಸ್ಕೊಂಡಿದೀರಿ ಅಂತಾಗತ್ತೆ. ಬಡ್ತಿ ಹೋಗ್ಲಿ, ನೀವು ಓಡೋದೇ ನಿಲ್ಲತ್ತೆ. ಕೆಲಸ ಉಳಿದ್ರೆ ಪುಣ್ಯ. ಸುಮ್ನೆ ಓಡಿ ಗೆದ್ದು ಬನ್ನಿ. ಆಮೇಲೆ ಆ ಹುಡುಗಿಗೆ ಮುಂದಿನ ವರ್ಷ ಇದ್ದೇ ಇದೆ."

ಮುಂದಿನ ವರ್ಷ. ಅನ್ಯಾಯ ಮಾಡುವವರ ಬಳಿ ಮುಂದಿನ ವರ್ಷಗಳ ದಾಸ್ತಾನು ಎಂದೂ ಮುಗಿಯುವುದಿಲ್ಲ.

ಸಂಜೆ ಮೈದಾನದಲ್ಲಿ ಮುನಿಆಂಜನಪ್ಪ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಅವಳು ಕೇಳಿದ್ದಕ್ಕೆ ಅವರು ಮುಚ್ಚುಮರೆ ಮಾಡಲಿಲ್ಲ.

"ನಿನಗೋಸ್ಕರ ಮಾಡ್ದೆ ತಾಯಿ. ಹತ್ತು ವರ್ಷ ನಿನ್ನ ಹಿಂದೆ ಸೀಟಿ ಊದಿದೀನಿ. ನಿನ್ನೆ ಮೊನ್ನೆ ಬಂದೋಳು ಬಾಚ್ಕೊಂಡ್ ಹೋಗ್ಲಾ?"

"ಅವಳು ನಮ್ಮ ದೇಶದೋಳಲ್ಲ ಅಂತ ನಿಮಗೆ ನಿಜವಾಗ್ಲೂ ಅನ್ಸತ್ತಾ ಸಾರ್?"

"ನೋಡಿದ್ರೆ ಗೊತ್ತಾಗಲ್ವಾ? ಆ ಕಾಲು, ಆ ದಮ್ಮು, ಅದೆಲ್ಲ ನಮ್ಮೋರದ್ದಲ್ಲ."

"ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಮ್ಮನಹಳ್ಳಿಯಿಂದ ಓಡ್ಕೊಂಡೇ ಬರ್ತಾಳೆ ಸಾರ್. ದಮ್ಮು ಅಲ್ಲಿಂದ ಬಂದಿದ್ದು. ನಾನು ಕ್ವಾರ್ಟರ್ಸಿಂದ ಕಾರ್ಖಾನೆ ಬಸ್ಸಲ್ಲಿ ಬರ್ತೀನಿ."

ಅವರು ಸುಣ್ಣದ ಡಬ್ಬಿ ಕೆಳಗಿಟ್ಟರು. "ಬರೆದು ಕೊಡ್ತೀಯಾ?"

ಅವಳು ಬಗ್ಗಿ ಬೂಟಿನ ಲೇಸು ಬಿಗಿದಳು.

"ಕೊಟ್ರೆ ನನ್ನ ಹೊಟ್ಟೆ ಮೇಲೆ ಹೊಡ್ದಂಗೆ. ಗೊತ್ತಲ್ಲ?"

ಗೊತ್ತಿತ್ತು. ಅದೇ ಕಷ್ಟ. ಕೆಟ್ಟವರ ಎದುರು ನಿಲ್ಲುವುದಾದರೆ ಯಾರು ಬೇಕಾದರೂ ನಿಂತಾರು. ಒಂಬತ್ತನೇ ಕ್ಲಾಸಿನಿಂದ ತನ್ನನ್ನು ಮಗಳೆಂದವರ ಎದುರು ನಿಲ್ಲಬೇಕಾಗಿತ್ತು.

ಮನೆಯಲ್ಲಿ ವೀರಣ್ಣ ಸಿಡುಕಿದರು. "ಆ ಹುಡುಗಿ ನಿನಗೇನಾಗಬೇಕವ್ವಾ? ನಿನ್ನ ಊರಾ, ನಿನ್ನ ಬಳಗಾನಾ? ಅದೂ ಗೆದ್ದಾಕೀ ಪರವಾಗಿ ಸೋತಾಕೀ ಬರಿಯೋದು ಎಲ್ಲ್ಯಾರ ಐತೇನು?"

ಪ್ರೇಮಕ್ಕ ರೊಟ್ಟಿ ತಟ್ಟುತ್ತ ಒಂದೇ ಮಾತು ಅಂದಳು: "ಬರದು ಕೊಟ್ಟ ಮ್ಯಾಲೆ ಅತ್ತುಕೋತ ಕುಂದರಬ್ಯಾಡ."

ಮರುದಿನ ಅವಳು ಹಾಳೆಯ ತುದಿಯಿಂದ ತನ್ನ ಕೈಬರಹದಲ್ಲೇ ಬರೆದಳು. ದೂರು ನಾನು ಬರೆದದ್ದಲ್ಲ. ಖಾಲಿ ಹಾಳೆಗಳಿಗೆ ರುಜು ಹಾಕಿದ್ದು ನನ್ನ ತಪ್ಪು. ನಾಗವೇಣಿ ನನ್ನನ್ನು ನ್ಯಾಯವಾಗಿ ಸೋಲಿಸಿದ್ದಾಳೆ. ಅವಳಿಂದ ಕೇಳಿದ ದಾಖಲೆ ಕಾರ್ಖಾನೆಯ ಬೇರೆ ಯಾರಿಂದಲೂ ಕೇಳಿಲ್ಲ. ಕೊನೆಯ ಸಾಲಿಗೂ ರುಜುವಿಗೂ ನಡುವೆ ಬೆರಳು ತೂರಿಸುವಷ್ಟೂ ಜಾಗ ಬಿಡಲಿಲ್ಲ. ಒಂದು ಪ್ರತಿ ಕಾರ್ಖಾನೆಗೆ, ಇನ್ನೊಂದು ಕೂಟದ ಸಮಿತಿಗೆ. ಸಮಿತಿಗೂ ಹೋಗಿದ್ದರಿಂದ ಹಯಗ್ರೀವರಿಗೆ ಅದನ್ನು ಡ್ರಾಯರಿನಲ್ಲಿ ಮಲಗಿಸಲು ಆಗಲಿಲ್ಲ.

ದೂರು ಬಿದ್ದುಹೋಯಿತು. ನಾಗವೇಣಿಯ ಹೆಸರು ಪಟ್ಟಿಗೆ ಏರಿತು. ಗೌತಮಿಗೆ ಎರಡು ವರ್ಷ ಓಟ ನಿಷೇಧ, ಬಡ್ತಿ ರದ್ದು, ಸ್ಟೋರ್ಸ್ ವಿಭಾಗಕ್ಕೆ ವರ್ಗ. ಮುನಿಆಂಜನಪ್ಪನವರ ಕೋಚ್ ಕೆಲಸ ಹೋಗಿ ಅವರು ಟೈಂ ಆಫೀಸಿಗೆ ಬಂದರು. ಇಡೀ ಕಾಲೊನಿ ಅವರಿಗಾಗಿ ಮರುಗಿತು. ನಾಗವೇಣಿಗಾಗಿ ಮರುಗಿದವರು ಇದ್ದರೋ ಇಲ್ಲವೋ, ಬಾಯಿಬಿಟ್ಟು ಯಾರೂ ಹೇಳಲಿಲ್ಲ. 'ಗುರುದ್ರೋಹಿ' ಎಂಬ ಮಾತು ನಲ್ಲಿಯ ಬಳಿ ಎರಡು ಸಲ ಗೌತಮಿಯ ಕಿವಿಗೆ ಬಿತ್ತು. ವೆಂಕಟಮ್ಮ ಮೊಸರು ತೆಗೆದಿಡುವುದನ್ನು ನಿಲ್ಲಿಸಿದಳು. ಜಗಳವಿಲ್ಲ, ಸುಮ್ಮನೆ "ಖಾಲಿ ಆಯ್ತಮ್ಮ" ಅಷ್ಟೇ. ಕಾವಲಿನವರು ಪಾಸು ಕೇಳತೊಡಗಿದರು.

ಕೂಟದ ದಿನ ಅವಳು ಅರ್ಧ ದಿನ ರಜೆ ಹಾಕಿ ಗ್ಯಾಲರಿಯ ಮೇಲಿನ ಸಾಲಿನಲ್ಲಿ ಒಬ್ಬಳೇ ಕೂತಳು. ನಾಗವೇಣಿ ಬರುತ್ತಿದ್ದಂತೆ ಯಾರೋ "ಆಫ್ರಿಕಾ, ಆಫ್ರಿಕಾ" ಎಂದು ಕೂಗಿದರು. ಅದೇ ಗಂಟಲುಗಳು ಎರಡನೇ ಸುತ್ತಿನ ಕೊನೆಗೆ "ನಮ್ಮ್ ಹುಡ್ಗಿ, ನಮ್ಮ್ ಕರ್ನಾಟಕ" ಎಂದವು. ಚಿನ್ನದ ದೂರ ಎಂಟುನೂರು ಮೀಟರ್. ಅಷ್ಟು ಓಡಿದ ಮೇಲೆ ಅವಳು ನಮ್ಮವಳಾದಳು. ಗೆದ್ದವಳ ಸುತ್ತ ಹಯಗ್ರೀವರೂ ನಿಂತು ಫೋಟೊ ತೆಗೆಸಿಕೊಂಡರು. ಗೌತಮಿ ಮೆಟ್ಟಿಲಿಳಿದು ಶಿವಾಜಿನಗರದವರೆಗೆ ನಡೆದು ಬಸ್ಸು ಹಿಡಿದಳು.

ನಾಗವೇಣಿ ಅವಳೊಂದಿಗೆ ಮಾತಾಡಿದ್ದು ಮುಂದಿನ ಮೇ ತಿಂಗಳಲ್ಲಿ. ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸ ಸಿಕ್ಕಿತ್ತು. ಹೋಗುವ ಮುಂಚೆ ಕಾರ್ಖಾನೆ ಕೊಟ್ಟ ಸ್ಪೈಕ್ಸ್ ಬೂಟನ್ನು ಸ್ಟೋರ್ಸಿಗೆ ಒಪ್ಪಿಸಬೇಕಿತ್ತು. ಜಾಲರಿಯ ಕಿಟಕಿಯ ಆಚೆ ನಿಂತಳು.

"ನೀವು ಬರೆದು ಕೊಟ್ರಿ ಅಂತ ಹೇಳಿದ್ರು."

"ಹೂಂ."

"ಥ್ಯಾಂಕ್ಸ್ ಹೇಳ್ಬೇಕು ಅಂತಾರೆ ಎಲ್ಲರೂ. ನಂಗೆ ಬಾಯಿ ಬರೂದಿಲ್ಲ ಅಕ್ಕಾ. ನಾನು ಇಲ್ಲಿಯವ್ಳು ಅಂತ ನನ್ನ ಮಾತು ನಂಬ್ಲಿಲ್ಲ, ನೀವು ಬರೆದ್ರೆ ನಂಬಿದ್ರು. ಅದ್ಕೆ ಎಂತಕ್ಕೆ ಥ್ಯಾಂಕ್ಸ್?"

"ಹೇಳ್ಬೇಡ."

"ಆ ಮನೆ ಓನರ್ ಬಾಗ್ಲು ಹಾಕಿದಾಗ ನೀವು ನಕ್ಕಿದ್ರಿ."

"ನಕ್ಕಿದ್ದೆ. ತಪ್ಪಾಯ್ತು."

ನಾಗವೇಣಿ ಬೂಟನ್ನು ಕಿಟಕಿಯೊಳಗೆ ತಳ್ಳಿದಳು. ಗೌತಮಿ ಪುಸ್ತಕದಲ್ಲಿ ಬರೆದುಕೊಳ್ಳುತ್ತ, ತಲೆಯೆತ್ತದೆ, ತಡೆಯಲಾರದೆ ಹೇಳಿದಳು: "ಮೊದಲ ತಿರುವು ದಾಟಿ ಲೇನ್ ಬಿಟ್ಟ ಕೂಡ್ಲೇ ಒಳಗಿನ ಗೆರೆಗೆ ನುಗ್ತೀಯ. ಹಾಗ್ ಮಾಡ್ಬೇಡ. ಓರೆಯಾಗಿ ಮುಂದಿನ ತಿರುವಿನ ತನಕ ಹೋಗು. ಎರಡು ಹೆಜ್ಜೆ ಉಳಿಯತ್ತೆ."

ಅವಳು ಹೊರಟವಳು ನಿಂತಳು. "ನೀವು ಬಂದಿದ್ರಾ, ನೋಡೂಕೆ?"

"ಬಂದಿದ್ದೆ."

ನಾಗವೇಣಿ ಬೂಟಿನ ರಸೀದಿ ತೆಗೆದುಕೊಂಡು ಹೊರಟುಹೋದಳು. ಆಮೇಲೆ ಅವಳಿಂದ ಕಾಗದ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ಎರಡು ವರ್ಷದ ನಿಷೇಧ ೨೦೦೦ದ ಡಿಸೆಂಬರ್‌ನಲ್ಲಿ ಮುಗಿಯಿತು. ಮುಗಿದಿದೆ ಎಂದು ಹೇಳಲು ಯಾರೂ ಬರಲಿಲ್ಲ. ಗೌತಮಿಗೆ ಇಪ್ಪತ್ತೇಳು ದಾಟಿತ್ತು. ಒಂದು ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಮೈದಾನಕ್ಕೆ ಹೋದಳು. ಸುಣ್ಣದ ಗೆರೆಗಳ ಮೇಲೆ ಹುಲ್ಲು ಬೆಳೆದಿತ್ತು. ಕೈಗಡಿಯಾರ ನೋಡಿ ತಾನೇ ಹೊರಟಳು. ಎರಡನೇ ಸುತ್ತಿಗೆ ಗಂಟೆ ಬಾರಿಸುವವರಿಲ್ಲ, ಪಕ್ಕದಲ್ಲಿ ಉಸಿರಿಲ್ಲ, ಹಿಂದೆ ಹೆಜ್ಜೆಯಿಲ್ಲ. ಎರಡು ನಿಮಿಷ ಮೂವತ್ತೊಂದು ಸೆಕೆಂಡ್. ಹೇಳಿಕೊಳ್ಳುವಂಥ ಓಟವಲ್ಲ, ಹೇಳಲು ಎದುರಿಗೆ ಜನರೂ ಇರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಉಸಿರು ಹದಕ್ಕೆ ಬರುವವರೆಗೆ ನಡೆದಳು. ಮುಂದಿನ ಭಾನುವಾರವೂ ಬಂದಳು.