ಹಾರುವ ಮೊದಲು ಕೂರಬೇಕಾದ ಕಪ್ಪೆ

ತೀರ್ಥಹಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಚಿತ್ರ ಕಲಿಸುತ್ತಿದ್ದ ಮೇಷ್ಟ್ರು ಯಾರ ಚಿತ್ರ ನೋಡಿದರೂ ಕನ್ನಡಕ ಒರೆಸಿಕೊಂಡು, "ಚಂದ ಇದೆ, ಆದ್ರೆ..." ಅನ್ನುತ್ತಿದ್ದರು.

ಶಾಲೆಯ ಪ್ರದರ್ಶನಕ್ಕೆಂದು ನಾನು ಸಣ್ಣ ಪುಸ್ತಕವೊಂದರಲ್ಲಿ ಪುಟಕ್ಕೊಂದು ಕಪ್ಪೆ ಬರೆದಿದ್ದೆ. ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟರೆ ಕಪ್ಪೆ ಬಾವಿ ದಾಟುತ್ತಿತ್ತು. ಮೇಷ್ಟ್ರು ಒಪ್ಪಿದರೆ ಮಾತ್ರ ಪ್ರದರ್ಶನದ ಮೇಜಿನ ಮೇಲೆ ಜಾಗ.

"ಚಂದ ಇದೆ, ಆದ್ರೆ ಇದನ್ನ ಯಾರೋ ಎಸ್ದಂಗಿದೆ ಮಾರಾಯ್ತಿ! ಹಾರೋ ಮೊದ್ಲು ಕೂರ್ಬೇಕಲ್ವಾ?" ಎಂದವರೇ ಪಂಚೆ ಎತ್ತಿಕಟ್ಟಿ, ಕುಕ್ಕರಗಾಲಲ್ಲಿ ಕೂತು, ಛಂಗನೆ ನೆಗೆದರು. ಇಳಿದದ್ದು ಬಾಗಿಲಲ್ಲಿ ನಿಂತಿದ್ದ ಹೆಡ್ ಸಿಸ್ಟರ್ ಎದುರಿಗೆ!

ನಾವೆಲ್ಲ ಬಾಯಿಗೆ ಕೈ ಒತ್ತಿಕೊಂಡೆವು. ಸಿಸ್ಟರ್ ಮೆಲ್ಲಗೆ, "ಚಂದ ಇತ್ತು ಮೇಷ್ಟ್ರೇ, ಆದ್ರೆ ಇಳಿಯುವಾಗ್ಲೂ ಮೊಣಕಾಲು ಬಗ್ಗಬೇಕು" ಅಂದರು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ನನ್ನತ್ತ ತಿರುಗಿದರು. "ಕೇಳ್ಸ್ತೇನೇ? ಅದಕ್ಕೂ ಒಂದು ಪುಟ ಬರಿ. ಮೇಜಿನ ಮೇಲೆ ಜಾಗ ಇಟ್ಟಿರ್ತೀನಿ."