ಹದ್ದಕ್ಕ ಕಂಡ ಇನ್ನೂರ ನಲವತ್ತು

ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹದ್ದಕ್ಕ ಎಂದು. ಬೆಲ್ಟಿನ ಮೇಲೆ ಸರಸರನೆ ಸಾಗುವ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದು ಪಕ್ಕಕ್ಕಿಡುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಮನೆಗೆ ಬಂದರೂ ಆ ಕಣ್ಣಿಗೆ ರಜೆಯಿಲ್ಲ. ಒಲೆಯ ಮೇಲಿನ ಜಿಡ್ಡು, ಮಂಚದಡಿಯ ದೂಳು ಕಾಣುವುದು ಅವಳೊಬ್ಬಳಿಗೇ. ಕಂಡ ಮೇಲೆ ಒರೆಸುವವಳೂ ಅವಳೇ.

ಅಂಚೆ ಕಚೇರಿಯ ಗುಮಾಸ್ತನಾದ ಗಂಡನಿಗೆ ಸಂಜೆಯಾದರೆ ಕಂಪ್ಯೂಟರಿನಲ್ಲಿ ಕಾರ್ ರೇಸು. ಈಚೆಗೆ ಹೊಸ ಮಾನಿಟರಿನ ಹುಚ್ಚು ಬೇರೆ ಹಿಡಿದಿತ್ತು.

“ಸೆಕೆಂಡಿಗೆ ಇನ್ನೂರ ನಲವತ್ತು ಸಲ ಚಿತ್ರ ಬದಲಾಗುತ್ತೆ ಕಣೇ! ನಮ್ಮದು ಬರೀ ಅರವತ್ತು.”

“ರೀ, ಸಿಂಕಲ್ಲಿರೋ ಪಾತ್ರೆ ರಾಶಿ ಅಲ್ಲಾಡದೆ ಕೂತಿರುತ್ತೆ. ಅದೇ ನಿಮ್ಮ ಕಣ್ಣಿಗೆ ಬೀಳಲ್ಲ. ಇನ್ನೂರ ನಲವತ್ತು ಬೀಳುತ್ತಾ?”

ಗಂಡನಿಗೆ ರೋಷ ಉಕ್ಕಿತು. “ಪಂದ್ಯ! ಅಂಗಡೀಲಿ ನಾನು ಇನ್ನೂರ ನಲವತ್ತರದ್ದನ್ನ ಗುರುತು ಹಿಡಿದ್ರೆ ಮಾನಿಟರ್ ತರ್ತೀನಿ, ನೀನು ಗೊಣಗಬಾರದು. ಸೋತ್ರೆ ಒಂದು ವರ್ಷ ಸಂಜೆ ಪಾತ್ರೆ ನಂದು.”

ಹದ್ದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾಲು ಚಾಚಿ ಕೂರಬಹುದಾದ ಮುನ್ನೂರ ಅರವತ್ತೈದು ಸಂಜೆಗಳು!

ಮರುದಿನ ಕಂಪ್ಯೂಟರ್ ಅಂಗಡಿಯಾಕೆ ಮೂರು ಮಾನಿಟರುಗಳ ಮೇಲಿದ್ದ ವೇಗದ ಚೀಟಿ ಮುಚ್ಚಿ, ಮೂರರಲ್ಲೂ ಒಂದೇ ಕಾರು ಓಡಿಸಿದಳು. ಅರವತ್ತರದನ್ನು ಗಂಡ ಥಟ್ಟನೆ ಹಿಡಿದ. “ಇದು ಎತ್ತಿನ ಗಾಡಿ!” ಉಳಿದವು ನೂರ ನಲವತ್ತನಾಲ್ಕು ಮತ್ತು ಇನ್ನೂರ ನಲವತ್ತು. ಕಣ್ಣು ಕಿರಿದು ಮಾಡಿದ, ಕನ್ನಡಕ ಒರೆಸಿದ, ಹಿಂದೆ ಸರಿದು ನೋಡಿದ. ಕೊನೆಗೆ ಬೆರಳು ಮಾಡಿದ್ದು ನೂರ ನಲವತ್ತನಾಲ್ಕರತ್ತ.

“ಬಲಗಡೇದು ಕಣ್ರೀ,” ಎಂದಳು ಹದ್ದಕ್ಕ. “ಓಡ್ತಿರೋ ಕಾರಿನ ನಂಬರ್ ಪ್ಲೇಟ್ ಓದಕ್ಕಾಗುತ್ತೆ, ನೋಡಿ.”

ಅಂಗಡಿಯಾಕೆ ವೇಗ ಅದಲುಬದಲು ಮಾಡಿ ಐದು ಸಲ ಕೇಳಿದಳು. ಗಂಡ ಮೂರು ಸಲ ತಪ್ಪಿದ. ಹದ್ದಕ್ಕ ಐದಕ್ಕೆ ಐದು.

“ಅಕ್ಕಾ, ನಿಮ್ಮ ಕಣ್ಣು ಬಾಡಿಗೆಗೆ ಕೊಡ್ತೀರಾ?” ಎಂದಳು ಅಂಗಡಿಯಾಕೆ.

“ಅಂದ್ರೆ ವ್ಯತ್ಯಾಸ ಇದೆ ಅಂತಾಯ್ತಲ್ಲ!” ಸೋತ ಗಂಡ ನಡುವೆ ಬಾಯಿ ಹಾಕಿದ.

“ಇದೆ, ನನಗೆ. ನಿಮಗೆ ನೂರ ನಲವತ್ತನಾಲ್ಕೇ ಧಾರಾಳ. ಇನ್ನೂರ ನಲವತ್ತು ತಂದ್ರೆ ಅದರ ಮುಂದೆ ಕೂರೋಳು ನಾನು.”

ಹದ್ದಕ್ಕ ಇನ್ನೂರ ನಲವತ್ತನ್ನೇ ಕೊಂಡಳು.

ಆ ಸಂಜೆ ಹೊಸ ಮಾನಿಟರಿನಲ್ಲಿ ಅವಳ ಕಾರು ಗೋಡೆಗೆ ಗುದ್ದಿದ ಸದ್ದಿಗೆ ಗಂಡ ಅಡುಗೆಮನೆಯಿಂದ ಕೈತುಂಬ ನೊರೆಯೊಂದಿಗೆ ಓಡಿ ಬಂದ.

“ಬ್ರೇಕ್ ಒತ್ತೇ, ಬ್ರೇಕ್!”

“ಬಾಣಲೆ ಆಯ್ತಾ?”

“ಇನ್ನೂ ಇಲ್ಲ.”

“ಹಾಗಿದ್ರೆ ಬ್ರೇಕ್ ನಾನು ನೋಡ್ಕೋತೀನಿ,” ಎನ್ನುತ್ತಾ ಹದ್ದಕ್ಕ ಕಾರನ್ನು ಹಿಂದಕ್ಕೆ ತೆಗೆದು ಮತ್ತೆ ರಸ್ತೆಗಿಳಿಸಿದಳು.