ನಾರಿನ ಪುಡಿಗೆ ಕೊಟ್ಟ ನೋಟಿಸು

೨೦೦೨ರಲ್ಲಿ ನಾನು ತುಮಕೂರಿನಲ್ಲಿ ಪರಿಸರ ಎಂಜಿನಿಯರ್ ಆಗಿದ್ದೆ. ಕಾರ್ಖಾನೆಗಳ ಹೊಗೆ, ಕೊಳಚೆ ನೀರು, ತ್ಯಾಜ್ಯಗಳ ತಪಾಸಣೆ ನನ್ನ ಕೆಲಸ. ಆ ಬೇಸಿಗೆಯಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಿಂದ ದೂರು ಬಂತು: ಬಾವಿ ನೀರು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ.

ಬಾವಿಯಿಂದ ಕೂಗಳತೆಯಲ್ಲೇ ನಾರಿನ ಮಿಲ್ ಇತ್ತು. ತೆಂಗಿನ ಮಟ್ಟೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿಗೆ ಕಾಯರ್ ಪಿತ್ ಎನ್ನುತ್ತಾರೆ. ನಾರು ಲಾರಿ ಹತ್ತುತ್ತಿತ್ತು, ಪಿತ್ ಹಿಂದಿನ ಬಯಲಿನಲ್ಲಿ ಬೀಳುತ್ತಿತ್ತು. ಎಂಟು ವರ್ಷದಲ್ಲಿ ಅದು ಮನೆಯೆತ್ತರದ ಗುಡ್ಡೆಯಾಗಿತ್ತು. ಮಳೆ ಬಂದಾಗ ಅದರ ಕಪ್ಪು ರಸ ಬಾವಿಗೆ ಇಳಿಯುತ್ತಿತ್ತು.

ನೀರಿನ ಸ್ಯಾಂಪಲ್ ತೆಗೆದುಕೊಂಡೆ. ಮೂವತ್ತು ದಿನಗಳೊಳಗೆ ಗುಡ್ಡೆಯನ್ನು ತೆರವುಗೊಳಿಸತಕ್ಕದ್ದು ಎಂದು ನೋಟಿಸು ಕೊಟ್ಟೆ.

‘ತಗ್ಸ್‌ಬುಡ್ತೀನಿ ಮೇಡಂ, ಯೋಚ್ನೆ ಮಾಡ್ಬೇಡಿ’ ಎಂದ ಮಾಲೀಕ ಶಿವಣ್ಣ.

ಆತ ಗುಡ್ಡೆಗೆ ಬೆಂಕಿ ಹಾಕಿಸಿದ. ಒಣಗಿದ ಪಿತ್ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಮೇಲಿನ ಬೂದಿ ತಣ್ಣಗಾದರೂ ಅಡಿಯಲ್ಲಿ ವಾರಗಟ್ಟಲೆ ಕೆಂಡವಿರುತ್ತದೆ. ಹತ್ತನೆಯ ದಿನ, ನಾರು ಒಣಗಿಸುವ ಜಯಮ್ಮ ಎಂಬ ಕೆಲಸಗಾರ್ತಿ ಬುಟ್ಟಿ ಹೊತ್ತು ಬೂದಿಯ ಮೇಲೆ ಅಡ್ಡ ಹಾಯ್ದಳು. ಬಲಗಾಲು ಮೊಣಕಾಲಿನವರೆಗೆ ಕುಸಿಯಿತು. ಆಸ್ಪತ್ರೆಯಲ್ಲಿ ಕಾಲು ತೆಗೆದರು.

ನಾನು ನೋಡಲು ಹೋದೆ. ಆಕೆ ಗೋಡೆಯ ಕಡೆ ನೋಡುತ್ತಿದ್ದಳು.

‘ತೆಗೀರಿ ಅಂತ ಬರ್ದೋರು ನೀವೇನಾ, ಮೇಡಮ್ಮೋರೆ?’

ಹೌದೆಂದೆ.

‘ಎಲ್ಲಿಗೆ ಅಂತ ಬರೀಲಿಲ್ವಂತೆ?’

ನನಗೆ ಅಳು ಬರಲಿಲ್ಲ. ಕಚೇರಿಗೆ ಹೋಗಿ ಫೈಲು ತೆಗೆದು ನನ್ನ ನೋಟಿಸನ್ನು ಓದಿದೆ. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಊಟ ಮಾಡಿದೆ, ಸಹಿ ಹಾಕಿದೆ, ಬಸ್ಸು ಹತ್ತಿದೆ. ಎಲ್ಲವನ್ನೂ ಬೇರೆ ಯಾರೋ ಮಾಡುತ್ತಿದ್ದಂತಿತ್ತು.

ಶಿವಣ್ಣನ ಮೇಲೆ ಕೇಸು ಹಾಕಿದೆವು. ಮಿಲ್ ಮುಚ್ಚಿಸಿ ಎಂದರು ಮೇಲಧಿಕಾರಿ. ಮುಚ್ಚಿದರೆ ಅಲ್ಲಿನ ಇಪ್ಪತ್ತು ಹೆಂಗಸರ ಕೂಲಿ ಹೋಗುತ್ತಿತ್ತು. ಜಯಮ್ಮನ ತಂಗಿಯೂ ಅವರಲ್ಲಿ ಒಬ್ಬಳು. ಅದಲ್ಲದೆ, ಮುಚ್ಚಿದರೂ ಶಿವಣ್ಣ ಪಕ್ಕದ ಊರಿನಲ್ಲಿ ಮಿಲ್ ತೆರೆದು ಹೊಸ ಗುಡ್ಡೆ ಹಾಕುತ್ತಿದ್ದ, ಅಷ್ಟೆ. ಹಾಗಾಗಿ ಮುಚ್ಚಿಸಲಿಲ್ಲ; ಬೆಂಕಿ ಪೂರ್ತಿ ಆರಿದ ಮೇಲೆ, ಈ ಸಲ ಪುಡಿ ಎಲ್ಲಿಗೆ ಹೋಗಬೇಕೆಂಬುದನ್ನೂ ಬರೆದು ಷರತ್ತು ಹಾಕಿದೆ.

ವಿಧಾನ ಹೇಳಿಕೊಟ್ಟವರು ಗುಬ್ಬಿಯ ಕೃಷಿ ಅಧಿಕಾರಿ. ನೆರಳಿನಲ್ಲಿ ಪಿತ್ತನ್ನು ಪದರ ಪದರವಾಗಿ ಹರಡಿ, ನಡುವೆ ಅಣಬೆಯ ಬೀಜ ಮತ್ತು ಸ್ವಲ್ಪ ಯೂರಿಯಾ ಹಾಕಿ ತೇವ ಆರದಂತೆ ನೋಡಿಕೊಂಡರೆ, ಎರಡು ಮೂರು ತಿಂಗಳಿಗೆ ಕಪ್ಪು ಗೊಬ್ಬರವಾಗುತ್ತದೆ. ಸೋರುವ ರಸಕ್ಕೆ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಅದನ್ನೇ ಮತ್ತೆ ಪದರಗಳಿಗೆ ಚಿಮುಕಿಸಿದೆವು. ಮೊದಲ ವರ್ಷ ರೈತರು ಮೂಸಿಯೂ ನೋಡಲಿಲ್ಲ. ಎರಡನೆಯ ಬೇಸಿಗೆಯಲ್ಲಿ, ಈ ಗೊಬ್ಬರ ಬಿದ್ದ ತೆಂಗಿನ ಬುಡಗಳಲ್ಲಿ ತೇವ ನಿಂತದ್ದನ್ನು ಕಂಡು ಗಾಡಿ ತಂದರು. ಬಾವಿ ತಿಳಿಯಾಗಲು ಮೂರು ಮಳೆಗಾಲ ಬೇಕಾಯಿತು.

೨೦೦೬ರಲ್ಲಿ ಒಂದು ಕಾರ್ಯಾಗಾರದಲ್ಲಿ ಇದರ ಬಗ್ಗೆ ಮಾತನಾಡಲು ಕರೆದರು. ಭೂಮಿಯಿಂದ ಪಡೆದದ್ದನ್ನು ಭೂಮಿಗೇ ಮರಳಿಸುವ ಇಂಥ ವಿನ್ಯಾಸಕ್ಕೆ ರೀಜನರೇಟಿವ್ ಡಿಸೈನ್ ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ಆಗಲೇ. ಹೋಗುವ ಮುಂಚೆ ಜಯಮ್ಮನ ಮನೆಗೆ ಹೋದೆ. ಆಕೆ ಮಿಲ್ಲಿಗೆ ಮರಳಿರಲಿಲ್ಲ, ಊರಿನಲ್ಲೇ ಹೊಲಿಗೆ ಹಾಕುತ್ತಿದ್ದಳು. ಫೋಟೋಗಳನ್ನು ತೋರಿಸಿದೆ: ತೊಟ್ಟಿ, ಗೊಬ್ಬರ, ತಿಳಿ ಬಾವಿ. ಒಂದೊಂದನ್ನೂ ನಿಧಾನವಾಗಿ ನೋಡಿದಳು.

‘ಚೆನ್ನಾಗವೆ. ಕಾಲಿಂದೂ ಹೇಳಿ, ಮೇಡಮ್ಮೋರೆ.’

ಹೇಳಿದೆ. ಸಭೆಯಲ್ಲಿ ಆಮೇಲೆ ಯಾರೋ ಯೂರಿಯಾದ ಪ್ರಮಾಣ ಕೇಳಿದರು, ನಾನು ಉತ್ತರಿಸಿದೆ.

ಮಟ್ಟೆ, ಪುಡಿ, ನೀರು, ಎಲ್ಲವನ್ನೂ ಮತ್ತೆ ಬಳಕೆಗೆ ತರುವ ದಾರಿ ನನ್ನ ವೃತ್ತಿಗೆ ಗೊತ್ತಿದೆ. ದಾರಿ ತಿಳಿಯುವ ಮುಂಚೆ ಆದ ನಷ್ಟವನ್ನು ತುಂಬಲು ಬರುವುದಿಲ್ಲ. ಅದನ್ನು ವರದಿಯಿಂದ ಕೈಬಿಡಬಾರದೆಂಬುದಷ್ಟೇ ನಾನು ಕಲಿತದ್ದು.